ಮುರಕಲ್ಲಿನ ಮನೆಯೂ ಡಾಕ್ಟರ್ ಬುಕಾನನ್ನರೂ

ನೀವು ಕುಳಿತು ಈ ಪತ್ರಿಕೆ ಓದುತ್ತಿರುವ ವಾಚನಾಲಯದ ಗೋಡೆಯನ್ನು ಒಮ್ಮೆ ನೋಡಿ. ಉಡುಪಿ, ಕಾಪು, ಕಾರ್ಕಳದ ಸೀಮೆಯಲ್ಲಿ ಅದು ಸ್ವಲ್ಪ ಹಳೆಯ ಕಟ್ಟಡವಾಗಿದ್ದರೆ ಸುಣ್ಣದ ಗಾರೆಯ ಹಿಂದೆ ಇರುವುದು ಮುರಕಲ್ಲೇ. ನಿಮ್ಮ ಅಜ್ಜನ ಮನೆಯ ಜಗಲಿ, ಬಾವಿಯ ಕಟ್ಟೆ, ಹಟ್ಟಿಯ ಗೋಡೆ, ಗದ್ದೆಯ ಅಂಚಿನ ಪಾಗಾರ, ನಾಗಬನದ ಕಟ್ಟೆ, ಎಲ್ಲವೂ ಇದೇ ಕೆಂಪುಕಲ್ಲು. ಮಣಿಪಾಲದ ಗುಡ್ಡವೇ ಈ ಕಲ್ಲಿನ ಗುಡ್ಡ. ಮನೆ ಕಟ್ಟಲು ಬೇಕಾದ ಇಟ್ಟಿಗೆಯನ್ನು ಸುಡುವ ಕಷ್ಟವಿಲ್ಲದೆ ಭೂಮಿತಾಯಿಯೇ ನಮ್ಮ ಕರಾವಳಿಗೆ ಕೊಟ್ಟುಬಿಟ್ಟಿದ್ದಾಳೆ.

ಈ ಕಲ್ಲಿಗೆ ಪ್ರಪಂಚದ ಭೂವಿಜ್ಞಾನ ಗ್ರಂಥಗಳಲ್ಲೆಲ್ಲ ಲ್ಯಾಟರೈಟ್ ಎಂದು ಹೆಸರು. ಆಫ್ರಿಕಾದಲ್ಲಿ ಕಂಡರೂ ಅದೇ ಹೆಸರು, ಬ್ರೆಜಿಲಿನಲ್ಲಿ ಕಂಡರೂ ಅದೇ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಲಾಟರ್ ಎಂದರೆ ಇಟ್ಟಿಗೆ. ಹಾಗೆ ಹೆಸರಿಟ್ಟವರು ನಮ್ಮ ಕಡೆಯ ಗದ್ದೆಯ ಹುಣಿಗಳ ಮೇಲೆ ನಡೆದುಹೋದ ಒಬ್ಬ ವೈದ್ಯರು, ಫ್ರಾನ್ಸಿಸ್ ಬುಕಾನನ್. ಮುರಕಲ್ಲಿನ ಮನೆಯಲ್ಲಿ ಹುಟ್ಟಿ ಬೆಳೆದ ನೀವು ಈ ಮನುಷ್ಯನ ಕಥೆಯನ್ನು ತಿಳಿದಿರಬೇಕು. ಇದು ಒಂದು ಕಲ್ಲಿನ ಹೆಸರಿನ ಕಥೆ ಮಾತ್ರವಲ್ಲ. ನಮ್ಮ ಬೈಲು, ಮಜಲು, ಬೆಟ್ಟು ಗದ್ದೆಗಳ ಲೆಕ್ಕ ಪರದೇಶದ ಪುಸ್ತಕಕ್ಕೆ ಏರಿದ ಕಥೆಯೂ ಹೌದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬುಕಾನನ್ನರು ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್ ಸೀಮೆಯಲ್ಲಿ. ತಂದೆ ವೈದ್ಯರು, ತಾಯಿಯ ಕಡೆ ಜಮೀನಿದ್ದ ಮನೆತನ. ಆದರೆ ಆ ದೇಶದ ಪದ್ಧತಿಯಂತೆ ಆಸ್ತಿ ಹಿರಿಯ ಮಗನಿಗೆ. ಕಿರಿಯರು ತಮ್ಮ ಅನ್ನವನ್ನು ತಾವೇ ಹುಡುಕಿಕೊಳ್ಳಬೇಕು. ನಾಲ್ಕನೆಯ ಮಗನಾದ ಫ್ರಾನ್ಸಿಸ್ ವೈದ್ಯವಿದ್ಯೆ ಹಿಡಿದರು. 1783ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅವರು ಬರೆದ ಪ್ರಬಂಧದ ವಿಷಯ ಬಿಟ್ಟು ಬಿಟ್ಟು ಬರುವ ಚಳಿಜ್ವರ. ವೈದ್ಯವಿದ್ಯೆಯ ಜೊತೆಗೆ ಸಸ್ಯಶಾಸ್ತ್ರದ ಹುಚ್ಚು ಅವರಿಗೆ ಹಿಡಿದದ್ದೂ ಅಲ್ಲಿಯೇ.

ಕೆಲವು ವರ್ಷ ಹಡಗುಗಳಲ್ಲಿ ವೈದ್ಯರಾಗಿ ಸಮುದ್ರ ಸುತ್ತಿದ ಮೇಲೆ ಅವರು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ನೌಕರಿಗೆ ಸೇರಿದರು. 1795ರಲ್ಲಿ ಕಂಪನಿಯ ರಾಯಭಾರಿಯ ಜೊತೆ ಬರ್ಮಾ ದೇಶಕ್ಕೆ ಹೋದರು. 1798ರಲ್ಲಿ ಚಿತ್ತಗಾಂಗ್ ಕಡೆಯ ಗುಡ್ಡಗಳಲ್ಲಿ ಸಾಂಬಾರ ಬೆಳೆಗಳಿಗೆ ಯೋಗ್ಯವಾದ ನೆಲ ಎಲ್ಲಿದೆ ಎಂದು ನೋಡಿಬಂದರು. ಹೋದಲ್ಲೆಲ್ಲ ಗಿಡ, ಮೀನು, ಜನ, ಭಾಷೆ ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವುದು ಅವರ ಅಭ್ಯಾಸವಾಯಿತು. ಈ ಅಭ್ಯಾಸವೇ ಅವರನ್ನು ನಮ್ಮ ಊರಿಗೆ ಕರೆತಂದಿತು.

ಟಿಪ್ಪು ಬಿದ್ದ ಮೇಲೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಮಡಿದರು. ನಮ್ಮ ಕನ್ನಡ ಜಿಲ್ಲೆ ಕಂಪನಿ ಸರಕಾರದ ಕೈಗೆ ಹೋಯಿತು. ಹೊಸದಾಗಿ ಸಿಕ್ಕಿದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಎಷ್ಟು ಬೆಳೆಯುತ್ತದೆ, ಭೂಮಿ ಯಾರದು, ಉಳುವವರು ಯಾರು, ಮಾರುವವರು ಯಾರು ಎಂಬುದು ಕಂಪನಿಗೆ ಗೊತ್ತಿರಲಿಲ್ಲ. ಅದನ್ನು ನೋಡಿ ವರದಿ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ಆರಿಸಿದ್ದು ಬುಕಾನನ್ನರನ್ನು. ಎಲ್ಲಕ್ಕಿಂತ ಮೊದಲು ಬೇಸಾಯವನ್ನು ನೋಡಬೇಕು ಎಂದೇ ಅವರಿಗೆ ಅಪ್ಪಣೆಯಾಗಿತ್ತು. ಬೆಳೆ, ಗೊಬ್ಬರ, ನೀರಾವರಿ, ದನಕರು, ನೇಗಿಲು, ಹಿಡುವಳಿ, ಕೂಲಿ ಎಲ್ಲವೂ ಅದರಲ್ಲಿ ಸೇರಿತ್ತು.

1800ರ ಏಪ್ರಿಲ್ 23ರಂದು ಮದರಾಸು ಬಿಟ್ಟ ಬುಕಾನನ್ನರು ಮೈಸೂರು ಸೀಮೆ, ಕೊಯಮತ್ತೂರು ಸುತ್ತಿ ಆ ವರ್ಷದ ಕೊನೆಗೆ ಮಲಬಾರಿಗೆ ಇಳಿದರು. ಡಿಸೆಂಬರ್ ತಿಂಗಳಲ್ಲಿ ಅಂಗಡಿಪುರಂ ಎಂಬ ಊರಿನ ಹತ್ತಿರ ಜನರು ನೆಲದಿಂದಲೇ ಕಲ್ಲನ್ನು ಕತ್ತರಿಸಿ ತೆಗೆಯುವುದನ್ನು ಕಂಡರು. ನೆಲದೊಳಗೆ ಇರುವಾಗ ಕತ್ತಿಗೂ ಜಗ್ಗುವಷ್ಟು ಮೆದು. ಚೌಕಾಕಾರಕ್ಕೆ ಕಡಿದು ಹೊರಗೆ ಇಟ್ಟರೆ ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಮಳೆಗಾಲವನ್ನು ಅದು ತಡೆದುಕೊಳ್ಳುವಷ್ಟು ಚೆನ್ನಾಗಿ ತಾವು ಈ ದೇಶದಲ್ಲಿ ನೋಡಿದ ಸುಟ್ಟ ಇಟ್ಟಿಗೆಯೂ ತಡೆದುಕೊಳ್ಳದು ಎಂದು ಅವರಿಗೆ ತೋರಿತು. ಊರವರನ್ನು ವಿಚಾರಿಸಿದಾಗ ಈ ಕಡೆಯ ಭಾಷೆಗಳಲ್ಲಿ ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆಂದು ತಿಳಿಯಿತು. ಅದೇ ಮಾತನ್ನು ಅವರು ಲ್ಯಾಟಿನ್ನಿಗೆ ತಿರುಗಿಸಿ ಲ್ಯಾಟರೈಟ್ ಎಂದು ಕರೆದರು.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕು. ಹೆಸರು ಪ್ರಪಂಚಕ್ಕೆ ಹಬ್ಬಿದ್ದು ಬುಕಾನನ್ನರಿಂದ ನಿಜ. ಆದರೆ ಆ ಹೆಸರಿನ ಅರ್ಥ ಕೊಟ್ಟವರು ಕಲ್ಲು ಕಡಿಯುವ ನಮ್ಮ ಕಡೆಯ ಜನರೇ. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. 1979ರಲ್ಲಿ ಅಂಗಡಿಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಬುಕಾನನ್ನರ ನೆನಪಿಗೆ ಒಂದು ಸ್ಮಾರಕ ನಿಲ್ಲಿಸಿದರು. ಅದನ್ನು ಕಟ್ಟಿದ್ದೂ ಮುರಕಲ್ಲಿನಿಂದಲೇ.

ಕಾರ್ಕಳದಿಂದ ಉಡುಪಿಗೆ

1801ರ ಆರಂಭದಲ್ಲಿ ಅವರು ಮಂಗಳೂರಿಗೆ ಬಂದರು. ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಆ ಹೊತ್ತಿಗೆ ವರ್ಗವಾಗಿ ಹೋಗಿದ್ದರು. ಜಿಲ್ಲೆಯನ್ನು ಎರಡು ಭಾಗ ಮಾಡಿ, ದಕ್ಷಿಣದ ಭಾಗಕ್ಕೆ ರಾವೆನ್‌ಶಾ ಎಂಬವರು ಕಲೆಕ್ಟರರಾಗಿದ್ದರು. ಮಂಗಳೂರಿನ ಬಂದರಿನಿಂದ ಹೊರಗೆ ಹೋಗುವ ಮುಖ್ಯ ಸರಕು ಅಕ್ಕಿ. ಗೋವೆ, ಮುಂಬಯಿ, ಮಲಬಾರು, ದೂರದ ಮಸ್ಕತ್ತಿಗೂ ನಮ್ಮ ಅಕ್ಕಿ ಹೋಗುತ್ತಿತ್ತು. ಅಕ್ಕಿ ಬೆಳೆದು ಹಡಗು ತುಂಬಿಸುತ್ತಿದ್ದ ಈ ಜಿಲ್ಲೆ ಈಗ ಹೊರಗಿನಿಂದ ಅಕ್ಕಿ ತರಿಸಿ ಉಣ್ಣುತ್ತಿದೆ ಎಂಬುದನ್ನು ನೆನೆದಾಗ ಆ ಪುಟಗಳು ನಮಗೆ ಬೇರೆಯಾಗಿಯೇ ಕಾಣುತ್ತವೆ.

ಮಂಗಳೂರಿನಿಂದ ಉಡುಪಿಗೆ ಹೋಗುವವರು ಈಗ ಕಾಪುವಿನ ಮೇಲೆ ಹೋಗುತ್ತಾರೆ. ಬುಕಾನನ್ನರು ಕಡಲ ಬದಿಯ ಈ ದಾರಿ ಹಿಡಿಯಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನು ನೋಡಿಕೊಂಡು ಫೆಬ್ರವರಿ ತಿಂಗಳಲ್ಲಿ ಕಾರ್ಕಳಕ್ಕೆ ಬಂದರು. ಸುಗ್ಗಿ ಬೆಳೆಯ ಕೊಯ್ಲು ಮುಗಿದು ಕೊಳಕೆ ಗದ್ದೆಗೆ ನೀರು ಹಾಯಿಸುವ ಕಾಲ ಅದು. 1432ರಲ್ಲಿ ವೀರಪಾಂಡ್ಯ ಅರಸನು ನಿಲ್ಲಿಸಿದ ಗೋಮಟೇಶ್ವರನನ್ನು ಅವರು ಅಳತೆ ಸಹಿತ ವರ್ಣಿಸಿದರು. ಜೈನ ವಿದ್ವಾಂಸರೊಡನೆ ಕುಳಿತು ಅವರ ಮತದ ವಿಚಾರ ಕೇಳಿ ತಿಳಿದುಕೊಂಡರು. ಅಲ್ಲಿಂದ ಹಿರಿಯಡ್ಕದ ದಾರಿಯಾಗಿ ಉಡುಪಿಗೆ ಬಂದು ಅಷ್ಟಮಠಗಳನ್ನೂ, ಎರಡು ವರ್ಷಕ್ಕೊಮ್ಮೆ ಒಬ್ಬರಿಂದ ಒಬ್ಬರಿಗೆ ಹೋಗುವ ಪರ್ಯಾಯದ ಪದ್ಧತಿಯನ್ನೂ ಕುರಿತು ಬರೆದರು. ಅಳಿಯಸಂತಾನ ಕಟ್ಟನ್ನೂ ವಿಚಾರಿಸಿದರು. ಮುಂದೆ ಬ್ರಹ್ಮಾವರ, ಕುಂದಾಪುರ ದಾಟಿ ಉತ್ತರಕ್ಕೆ ಸಾಗಿದರು.

ರೈತರಾದ ನಿಮಗೆ ಹೆಚ್ಚು ಬೇಕಾದದ್ದು ಅವರು ಗದ್ದೆಗಳ ಬಗ್ಗೆ ಬರೆದದ್ದು. ನಮ್ಮ ಸೀಮೆಯ ಗದ್ದೆಗಳು ಮೂರು ತರ ಎಂಬುದು ಅವರಿಗೆ ತಿಳಿಯಿತು. ತೋಡಿನ ಬದಿಯ ತಗ್ಗಿನಲ್ಲಿ ನೀರು ನಿಲ್ಲುವ ಬೈಲು ಗದ್ದೆ. ಅದಕ್ಕಿಂತ ಸ್ವಲ್ಪ ಮೇಲೆ ಮಜಲು. ಗುಡ್ಡದ ಬುಡದಲ್ಲಿ ಮಳೆಯನ್ನೇ ನಂಬಿದ ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳ ಹೆಸರನ್ನು ಕೂಡ ಅವರು ಕೇಳಿದ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರು. ಗದ್ದೆಯ ವಿಸ್ತಾರವನ್ನು ಎಕರೆಯಲ್ಲಿ ಹೇಳದೆ ಇಷ್ಟು ಮುಡಿ ಬಿತ್ತನೆಯ ಗದ್ದೆ ಎಂದು ಹೇಳುವ ನಮ್ಮ ಕ್ರಮವನ್ನು ಹಿಡಿದು ಹುಟ್ಟುವಳಿಯ ಲೆಕ್ಕ ಹಾಕಿದರು. ಇನ್ನೂರಕ್ಕೂ ಹೆಚ್ಚು ವರ್ಷ ಕಳೆದಿವೆ. ಆದರೂ ನಿಮ್ಮ ಊರಿನಲ್ಲಿ ವಯಸ್ಸಾದವರನ್ನು ಕೇಳಿದರೆ ಅದೇ ಹೆಸರುಗಳನ್ನು ಅದೇ ಅರ್ಥದಲ್ಲಿ ಹೇಳುತ್ತಾರೆ.

ಅವರ ಪುಸ್ತಕದಲ್ಲಿ ನಮಗೆ ಸಂತೋಷ ಕೊಡುವ ಸಂಗತಿ ಮಾತ್ರ ಇಲ್ಲ. ಭೂಮಿಯ ಹಕ್ಕುಳ್ಳ ಮೂಲದವರು ಬೇರೆ, ಗೇಣಿ ಕೊಟ್ಟು ಉಳುವವರು ಬೇರೆ ಎಂಬುದನ್ನು ಅವರು ಬರೆದರು. ಇವರಿಬ್ಬರ ಕೆಳಗೆ ಭೂಮಿಯ ಕೆಲಸಕ್ಕೆ ಕಟ್ಟುಬಿದ್ದ ಮೂಲದಾಳುಗಳಿದ್ದರು. ಅವರನ್ನು ಮಾರುವುದು, ಕೊಳ್ಳುವುದು, ಬಾಡಿಗೆಗೆ ಕೊಡುವುದು, ದಿನಕ್ಕೆ ಗಂಡಿಗೆ ಇಷ್ಟು, ಹೆಣ್ಣಿಗೆ ಇಷ್ಟು ಎಂದು ಅಕ್ಕಿ ಅಳೆದು ಕೊಡುವುದು ಎಲ್ಲವನ್ನೂ ಅವರು ದನಕರುಗಳ ಲೆಕ್ಕ ಬರೆದಷ್ಟೇ ತಣ್ಣಗೆ ಬರೆದಿದ್ದಾರೆ. ನಮ್ಮ ಹಳೆಯ ಗುತ್ತು ಬೀಡುಗಳ ಹೆಮ್ಮೆಯನ್ನು ಹೇಳುವಾಗ ಈ ಪುಟಗಳನ್ನು ನಾವು ಮಗುಚಿ ಹಾಕಬಾರದು. ಕಲ್ಲು ಹೊತ್ತು ಆ ಮನೆಗಳನ್ನು ಎಬ್ಬಿಸಿದ ಕೈಗಳು ಅವರವೇ. ಗೇಣಿ ರೈತನಿಗೆ ಉಳುವ ಭೂಮಿ ಸ್ವಂತವಾಗಲು 1974ರ ಭೂಸುಧಾರಣೆಯ ತಿದ್ದುಪಡಿ ಬರಬೇಕಾಯಿತು. ಮೂಲದಾಳಾಗಿ ದುಡಿದವರ ಮಕ್ಕಳಲ್ಲಿ ಎಷ್ಟೋ ಮಂದಿಗೆ ಗೇಣಿಚೀಟಿಯೂ ಇರಲಿಲ್ಲ. ಚೀಟಿ ಇಲ್ಲದವರಿಗೆ ಆ ಕಾನೂನಿನಿಂದ ಸಿಕ್ಕಿದ್ದು ಕಡಿಮೆಯೇ.

ಅಂದಿನ ಮನೆ, ಇಂದಿನ ಮನೆ

ಬುಕಾನನ್ನರು ಬಂದ ಕಾಲದಲ್ಲಿ ಮುರಕಲ್ಲಿನ ಮನೆ ಎಲ್ಲರಿಗೂ ಇರಲಿಲ್ಲ. ದೇವಸ್ಥಾನ, ಬಸದಿ, ಕೋಟೆ, ಬೀಡು ಮತ್ತು ಸ್ಥಿತಿವಂತರ ಮನೆಗಳಿಗೆ ಕಲ್ಲು. ಬಡವರಿಗೆ ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ಈಗ ನಾವು ನೋಡುವ ಹಂಚಿನ ಮಾಡು ಇನ್ನೂ ಬಂದಿರಲಿಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮುಂದೆ ಮಲ್ಪೆಯಲ್ಲಿಯೂ ಅವರ ಕಾರ್ಖಾನೆಯಾಯಿತು. ಮುರಕಲ್ಲಿನ ಗೋಡೆ, ಚಿಪ್ಪುಸುಣ್ಣದ ಗಾರೆ, ಹಲಸು ಬೋಗಿ ಮರದ ಕಂಬ, ಮೇಲೆ ಮಂಗಳೂರು ಹಂಚು, ಇವು ಕೂಡಿದ ಮೇಲೆ ನಮ್ಮ ಕರಾವಳಿಯ ಮನೆಗೆ ಇಂದಿನ ರೂಪ ಬಂತು.

ಅಂತಹ ಹಳೆಯ ಮನೆಗಳನ್ನು ನೋಡಬೇಕೆಂದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಒಮ್ಮೆ ಹೋಗಿಬನ್ನಿ. ಕಾಪು ಕಡೆಯ ಕುಂಜೂರಿನ ಚೌಕಿಮನೆ, ಕುಂದಾಪುರ ಕಡೆಯ ಹರ್ಕೂರಿನ ಒಳಗಿನಮನೆ ಮೊದಲಾದವನ್ನು ಮೂಲದ ಜಾಗದಲ್ಲಿ ಬಿಚ್ಚಿ ಅಲ್ಲಿಗೆ ತಂದು ಮತ್ತೆ ಕಟ್ಟಲಾಗಿದೆ. ಈ ಕೆಲಸ ಮಾಡಿದವರು 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು. ಪಾಲಾಗಿ, ಬಾಗಿಲು ಕಂಬ ಗುಜರಿಗೆ ಹೋಗಬೇಕಾಗಿದ್ದ ಮನೆಗಳು ಹೀಗೆ ಉಳಿದುಕೊಂಡವು. ಆದರೆ ಎಲ್ಲ ಮನೆಗಳನ್ನೂ ಮಣಿಪಾಲಕ್ಕೆ ಒಯ್ಯುವುದು ಸಾಧ್ಯವಿಲ್ಲ. ಉಳಿದವನ್ನು ನೋಡಿಕೊಳ್ಳಬೇಕಾದವರು ನೀವೇ.

ಹಳೆಯ ಮುರಕಲ್ಲಿನ ಗೋಡೆಗೆ ಸಿಮೆಂಟಿನ ಗಾರೆ ಬಳಿಯುವ ಮೊದಲು ಸ್ವಲ್ಪ ಯೋಚಿಸಿ. ತೂತುಗಳುಳ್ಳ ಈ ಕಲ್ಲು ಮಳೆಗಾಲದಲ್ಲಿ ತೇವ ಹೀರಿ ಬೇಸಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಎಡೆ ಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. ತೇವ ಒಳಗೇ ಉಳಿದು ಗಾರೆ ಉಬ್ಬಿ ಕಳಚುತ್ತದೆ. ಮಾಡಿನ ಅಂಚನ್ನು ಉದ್ದಕ್ಕೆ ಇಳಿಸಿ ಗೋಡೆಯನ್ನು ಎರಚಲಿನಿಂದ ಕಾಪಾಡಿದ ಹಿರಿಯರ ಬುದ್ಧಿ ಸುಮ್ಮನೆ ಬಂದದ್ದಲ್ಲ.

ಕೆಂಪು ನೆಲದ ಬೇಸಾಯ

ಈ ಕಲ್ಲು ಹೇಗೆ ಆಯಿತು ಎಂಬುದನ್ನು ಬುಕಾನನ್ನರ ಅನಂತರ ಬಂದ ವಿಜ್ಞಾನಿಗಳು ವಿವರಿಸಿದರು. ಬಿಸಿಲು ಮತ್ತು ಭಾರಿ ಮಳೆ ಸರದಿಯ ಮೇಲೆ ಬೀಳುವ ಸೀಮೆಯಲ್ಲಿ ಲಕ್ಷಾಂತರ ವರ್ಷ ಬಂಡೆ ಕೊಳೆಯುತ್ತದೆ. ಸುಣ್ಣ, ಪೊಟ್ಯಾಷ್ ಮುಂತಾದ ಸಾರ ಮಳೆನೀರಿನಲ್ಲಿ ತೊಳೆದುಹೋಗುತ್ತದೆ, ಮರಳಿನ ಅಂಶವೂ ಕ್ರಮೇಣ ಕರಗುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆ ಕಬ್ಬಿಣದ ತುಕ್ಕೇ ನಮ್ಮ ಮಣ್ಣಿನ ಕೆಂಪು ಬಣ್ಣ.

ಮನೆಗೆ ಅನುಕೂಲವಾದ ಈ ಗುಣವೇ ಬೆಳೆಗೆ ತೊಡಕು. ಸುಣ್ಣದ ಅಂಶ ತೊಳೆದುಹೋದ ಮಣ್ಣು ಹುಳಿಯಾಗುತ್ತದೆ. ನೀವು ಹಾಕಿದ ರಂಜಕದ ಗೊಬ್ಬರವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟು ಸುಣ್ಣ ಕೊಡಿ. ಇಂತಹ ಹುಳಿ ಮಣ್ಣಿಗೆ ಶಿಲಾರಂಜಕ ಚೆನ್ನಾಗಿ ಒಗ್ಗುತ್ತದೆ. ಹಟ್ಟಿಗೊಬ್ಬರ, ಸೊಪ್ಪು, ತರಗೆಲೆಗಳನ್ನು ಬಿಡಬೇಡಿ. ಗುಡ್ಡದಿಂದ ಸೊಪ್ಪು ತಂದು ಗದ್ದೆಗೆ ತುಳಿಯುತ್ತಿದ್ದ ಹಿರಿಯರ ಪದ್ಧತಿಗೆ ಈ ನೆಲದಲ್ಲಿ ಬಲವಾದ ಕಾರಣವಿತ್ತು. ಗುಡ್ಡದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿದರೆ ತೂತುಗಳುಳ್ಳ ಕಲ್ಲು ಮಳೆನೀರನ್ನು ಒಳಗೆ ಎಳೆದುಕೊಂಡು ಕೆಳಗಿನ ಬಾವಿಗೆ ಇಳಿಸುತ್ತದೆ.

ಕಲ್ಲಿನ ಕೋರೆಗಳ ವಿಚಾರವನ್ನೂ ಹೇಳಬೇಕು. ಹಿಂದೆ ಕೈಯಿಂದ ಕಡಿಯುತ್ತಿದ್ದ ಕಲ್ಲನ್ನು ಈಗ ಯಂತ್ರ ಕತ್ತರಿಸುತ್ತದೆ. ಒಂದೆರಡು ವರ್ಷದಲ್ಲಿ ಗುಡ್ಡ ಹೊಂಡವಾಗುತ್ತದೆ. ಕೆಲಸ ಮುಗಿದ ಮೇಲೆ ಬೇಲಿ ಇಲ್ಲದೆ ಬಿಟ್ಟ ಹೊಂಡದಲ್ಲಿ ಮಳೆನೀರು ನಿಂತು ಮಕ್ಕಳು, ದನಕರು ಬಿದ್ದು ಸಾಯುವುದನ್ನು ನೀವು ಕೇಳಿದ್ದೀರಿ. ನಿಮ್ಮ ಜಾಗದಲ್ಲಿ ಅಂತಹ ಹೊಂಡವಿದ್ದರೆ ಮೊದಲು ಬೇಲಿ ಹಾಕಿ. ನೀರು ನಿಲ್ಲುವಂತಿದ್ದರೆ ತೋಟಕ್ಕೆ ಬಳಸಿ, ಮೀನನ್ನೂ ಸಾಕಬಹುದು. ಆ ಮೀನಿನ ಹೆಸರಿನಲ್ಲಿಯೂ ಬುಕಾನನ್ನರಿದ್ದಾರೆ.

ಮೀನಿನ ಪುಸ್ತಕ ಮತ್ತು ಕೊನೆಯ ದಿನಗಳು

1801ರ ಜುಲೈ 6ರಂದು ಅವರ ಪ್ರವಾಸ ಮದರಾಸಿನಲ್ಲಿ ಮುಗಿಯಿತು. ಮರುವರ್ಷ ನೇಪಾಳಕ್ಕೆ ಹೋದರು. ಅನಂತರ ವೆಲ್ಲೆಸ್ಲಿಯ ವೈದ್ಯರಾಗಿದ್ದು, ಕಲ್ಕತ್ತೆಯ ಬಳಿ ಬಾರಕ್‌ಪುರದಲ್ಲಿ ಪ್ರಾಣಿಪಕ್ಷಿಗಳ ಸಂಗ್ರಹ ನೋಡಿಕೊಂಡರು. ನಮ್ಮ ಸೀಮೆಯ ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಅಚ್ಚಾಯಿತು. ವಿಷಯವಾರು ಜೋಡಿಸದೆ ದಿನದ ದಿನಕ್ಕೆ ಬರೆದ ಹಾಗೆಯೇ ಅಚ್ಚು ಹಾಕಿದ್ದರಿಂದ ಓದಲು ತ್ರಾಸ. ಊರಿನ ಹೆಸರುಗಳು ಗುರುತು ಸಿಗದಷ್ಟು ತಿರುಚಿವೆ. ರೈತರ ಬುದ್ಧಿಯ ಬಗ್ಗೆ ಅಲ್ಲಲ್ಲಿ ಬಿರುಸು ಮಾತುಗಳೂ ಇವೆ. ಕೇಳಲು ಬಂದವರು ಕಂದಾಯದ ಸರಕಾರದ ಕಡೆಯವರು ಎಂದಾಗ ಹುಟ್ಟುವಳಿಯನ್ನು ಸ್ವಲ್ಪ ಕಡಿಮೆ ಹೇಳುವುದು ಯಾವ ರೈತನಿಗೂ ಸಹಜ. ಅದು ಅವರಿಗೂ ಗೊತ್ತಿತ್ತು.

1807ರಿಂದ 1814ರ ತನಕ ಅವರು ಬಂಗಾಳ, ಬಿಹಾರದ ಜಿಲ್ಲೆಗಳನ್ನು ಸುತ್ತಿ ಇದೇ ರೀತಿಯ ವರದಿ ಬರೆದರು. ಜೊತೆಗೆ ಗಂಗಾನದಿಯ ಮೀನುಗಳನ್ನು ಹಿಡಿಸಿ, ಚಿತ್ರಗಾರರಿಂದ ಚಿತ್ರ ಬರೆಸಿ, ಪ್ರತಿಯೊಂದಕ್ಕೂ ಊರವರು ಹೇಳುವ ಹೆಸರು ಬರೆದುಕೊಂಡರು. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾದರು. ಆದರೆ ದೇಹ ಸೋತಿತ್ತು. 1815ರಲ್ಲಿ ಊರಿಗೆ ಹೊರಟಾಗ ಅವರಿಗೆ ದೊಡ್ಡ ಪೆಟ್ಟು ಬಿತ್ತು. ಎಷ್ಟೋ ವರ್ಷಗಳ ದುಡಿಮೆಯಾದ ಚಿತ್ರಗಳನ್ನು ಜೊತೆಯಲ್ಲಿ ಒಯ್ಯಲು ಆಗಿನ ಗವರ್ನರ್ ಜನರಲ್ ಬಿಡಲಿಲ್ಲ. ಅವು ಸರಕಾರದ ಸೊತ್ತು ಎಂದು ಕಲ್ಕತ್ತೆಯಲ್ಲೇ ತಡೆಹಿಡಿಯಲಾಯಿತು. ಬೇರೆಯವರ ನಾಡಿನ ಲೆಕ್ಕವನ್ನೆಲ್ಲ ಸರಕಾರಕ್ಕೆ ಬರೆದುಕೊಟ್ಟವರು ಕೊನೆಗೆ ತಮ್ಮ ದುಡಿಮೆ ತಮ್ಮದಲ್ಲ ಎಂಬ ನೋವನ್ನು ಅದೇ ಸರಕಾರದಿಂದ ಉಂಡರು.

ಆದರೂ ಅವರು ಬಿಡಲಿಲ್ಲ. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕವನ್ನು ಪ್ರಕಟಿಸಿ 269 ಜಾತಿಗಳನ್ನು ವಿವರಿಸಿದರು. ನಮ್ಮ ರೈತರು ಕೆರೆಗಳಲ್ಲಿ ಮರಿ ಬಿಟ್ಟು ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಶಾಸ್ತ್ರಕ್ಕೆ ಸೇರಿಸಿದ್ದು ಆ ಪುಸ್ತಕವೇ. ಬೆಸ್ತರು ಹೇಳಿದ ಹೆಸರನ್ನೇ ಅವರು ಶಾಸ್ತ್ರದ ಹೆಸರಾಗಿ ಇಟ್ಟುಕೊಂಡರು. ಇಟ್ಟಿಗೆ ಕಲ್ಲಿನ ವಿಚಾರದಲ್ಲಿ ಮಾಡಿದ ಹಾಗೆಯೇ.

ಅಷ್ಟರಲ್ಲಿ ತಾಯಿಯ ಕಡೆಯ ಆಸ್ತಿ ಅವರಿಗೆ ಬಂದು ಹ್ಯಾಮಿಲ್ಟನ್ ಎಂಬ ತಾಯಿಮನೆಯ ಹೆಸರನ್ನು ಧರಿಸಿದ್ದರು. ಮೀನಿನ ಶಾಸ್ತ್ರದಲ್ಲಿ ಅವರು ಹ್ಯಾಮಿಲ್ಟನ್ ಎಂದೇ ಪ್ರಸಿದ್ಧರು. ಸ್ಕಾಟ್ಲೆಂಡಿನ ತಮ್ಮ ಊರಿನಲ್ಲಿ 1829ರ ಜೂನ್ 15ರಂದು ತೀರಿಕೊಂಡರು.

ನೀವು ಮಾಡಬಹುದಾದದ್ದು

ಬುಕಾನನ್ನರು ನಮ್ಮ ಉಪಕಾರಕ್ಕೆ ಬಂದವರಲ್ಲ. ಕಂಪನಿಯ ಸಂಬಳ ತಿಂದು ಕಂಪನಿಗಾಗಿ ಬರೆದರು. ಆದರೂ ಅವರು ಬರೆದಿಟ್ಟದ್ದರಿಂದ 1801ರ ನಮ್ಮ ಗದ್ದೆ, ನಮ್ಮ ಗೇಣಿ, ನಮ್ಮ ಕೂಲಿ, ನಮ್ಮ ಕಲ್ಲಿನ ವಿಚಾರ ಇಂದು ನಮಗೆ ತಿಳಿಯುತ್ತದೆ. ನಮ್ಮವರಲ್ಲಿ ಯಾರಾದರೂ ಆಗ ಉಳುವವರ ಕಡೆಯಿಂದ ಹೀಗೆ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತದೆ.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಎರಡು ರೂಪಾಯಿಯದಾಗಲಿ, ಇಪ್ಪತ್ತು ರೂಪಾಯಿಯದಾಗಲಿ, ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಮನೆಯ ಹಿರಿಯರ ಬಳಿ ಕುಳಿತು ನಿಮ್ಮ ಪ್ರತಿಯೊಂದು ಗದ್ದೆಯ ಹೆಸರು, ಅದು ಬೈಲೋ ಮಜಲೋ ಬೆಟ್ಟೋ, ಎಷ್ಟು ಮುಡಿ ಬಿತ್ತನೆಯದು, ಯಾವ ಭತ್ತದ ತಳಿ ಹಾಕುತ್ತಿದ್ದರು, ನೀರು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಬರೆದುಕೊಳ್ಳಿ. ಮನೆಯ ಕಲ್ಲು ಯಾವ ಗುಡ್ಡದಿಂದ ಬಂತು, ಕಡಿದವರು ಯಾರು, ಹೊತ್ತವರು ಯಾರು ಎಂದೂ ಕೇಳಿ, ಅವರ ಹೆಸರನ್ನೂ ಬರೆಯಿರಿ. ಗದ್ದೆ ಹಡಿಲು ಬಿದ್ದು ಹಿರಿಯರೂ ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಹೇಗೂ ಮಳೆಗಾಲದಲ್ಲಿ ಸಂಜೆಗಳು ಉದ್ದ. ಜಗಲಿಯಲ್ಲಿ ಕುಳಿತು ಕೇಳಿದರೆ ನಾಲ್ಕು ದಿನದಲ್ಲಿ ಮುಗಿಯುವ ಕೆಲಸ ಇದು.